ಡಾಂಬರು ಪುರಾಣ

ಹೊಳಪಮ್ಮನವರ ಅತ್ತೆಯ ಚಿನ್ನದ ಹೆಣಿಗೆ ಸರ ಡಾಂಬರಿನ ಡ್ರಮ್ಮಿಗೆ ಬಿದ್ದದ್ದು ಹೊಳಪಮ್ಮನವರು ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ. ಬೀದಿಗೆ ಹೊಸದಾಗಿ ಡಾಂಬರು ಹಾಕುತ್ತಿದ್ದ ದಿನಗಳವು. ಕೆಲಸಗಾರರು ಬೆಂಕಿ ಆರಿಸಿ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಅತ್ತೆ ಮಹಡಿಯ ಮೋಟುಗೋಡೆಯ ಮೇಲೆ ಬಾಗಿ ಒದ್ದೆ ಬಟ್ಟೆ ಕೊಡವಿದರು; ಸಡಿಲವಾಗಿದ್ದ ಕೊಂಡಿ ಕಳಚಿತು; ಸರ ಕೊರಳಿನಿಂದ ಜಾರಿ, ಕೆಳಗೆ ಬಾಯ್ದೆರೆದು ನಿಂತಿದ್ದ ಡ್ರಮ್ಮಿನೊಳಕ್ಕೆ ನೆಟ್ಟಗೆ ಇಳಿಯಿತು. ಕೋಲು ಹಾಕಿ ಮೇಲೆತ್ತಿದಾಗ ಅದು ಸರದಂತೆ ಕಾಣದೆ, ಸತ್ತ ಹಾವಿನ ಮರಿಯಂತೆ ಕಪ್ಪಗೆ ಜೋತಾಡುತ್ತಿತ್ತು.

ಅಕ್ಕಸಾಲಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೈ ಚೆಲ್ಲಿದ. ಎಳೆಎಳೆಯ ಸಂದಿನಲ್ಲೂ ಡಾಂಬರು ಇಳಿದು ಕೂತಿದೆ, ಕರಗಿಸಿ ಬೇರೆ ಮಾಡಿಸಿಕೊಳ್ಳುವುದೊಂದೇ ದಾರಿ ಎಂದ. ಹಿರಿಯರೆಲ್ಲ ತಲೆಯಾಡಿಸಿದರು. ಅಲ್ಲಿಯತನಕ ಆ ಮನೆಯಲ್ಲಿ ಯಾರ ಮುಂದೆಯೂ ದನಿಯೆತ್ತದಿದ್ದ ಹೊಸ ಸೊಸೆ ಅಡುಗೆಮನೆಯ ಬಾಗಿಲ ಹಿಂದಿನಿಂದ, "ಕರಗಿಸೋದು ಬೇಡ, ನನಗೆ ಕೊಡಿ" ಎಂದಳು.

ಮೊದಲು ಬೆಚ್ಚಗಿನ ಅಡುಗೆ ಎಣ್ಣೆಯಲ್ಲಿ ನೆನೆ ಹಾಕಿದಳು. ಡಾಂಬರು ಮೆತ್ತಗಾದಂತೆಲ್ಲ ಚಿಂದಿ ಬಟ್ಟೆಯಲ್ಲಿ ಒರೆಸಿದಳು, ಮತ್ತೆ ನೆನೆ ಹಾಕಿದಳು. ಆಮೇಲೆ ಸೀಮೆಎಣ್ಣೆ, ಅದರ ಮೇಲೆ ತುರಿದ ಸಾಬೂನು ಕರಗಿಸಿದ ಉಗುರುಬೆಚ್ಚಗಿನ ನೀರು, ಕಡೆಗೆ ಚಿಟಿಕೆ ಅಡುಗೆ ಸೋಡಾ. ಸೂಜಿ ತಾಗಿದರೆ ಚಿನ್ನಕ್ಕೆ ಗೀರು ಬೀಳುತ್ತದೆಂದು ಪೊರಕೆಯ ಕಡ್ಡಿಯ ತುದಿಯನ್ನು ಕೂದಲಿನಷ್ಟು ಸಣ್ಣಗೆ ಹೆರೆದು, ಒಂದೊಂದು ಹೆಣಿಗೆಯ ಸಂದಿಗೂ ಅದನ್ನು ಇಳಿಸಿ ಕಪ್ಪನ್ನು ಬಿಡಿಸಿದಳು. ಕಡ್ಡಿ ಗಡುಸಾದರೆ ಮುರಿಯುತ್ತಿತ್ತು, ಮೆತ್ತಗಾದರೆ ಬಾಗುತ್ತಿತ್ತು. ಅದರ ಹದ ಕಂಡುಕೊಳ್ಳುವುದರಲ್ಲೇ ಅರ್ಧ ಪೊರಕೆ ಮುಗಿಯಿತು. ಬೆರಳುಗಳು ಕಪ್ಪಿಟ್ಟವು. ಹೊಸ ಹೆಂಡತಿಯ ಕೈಯ ಸೀಮೆಎಣ್ಣೆ ವಾಸನೆ ತಾಳಲಾರದೆ ಗಂಡ ಗೋಡೆಯ ಕಡೆ ತಿರುಗಿ ಮಲಗಿದ. ಮಳೆಗಾಲ ಕಳೆದು ಚಳಿ ಕಾಲಿಡುವ ಹೊತ್ತಿಗೆ ಸರ ತನ್ನ ಬಣ್ಣಕ್ಕೆ ಬಂತು. ಯಾರನ್ನೂ ಹೊಗಳಿದ ಅಭ್ಯಾಸವಿಲ್ಲದ ಅತ್ತೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. "ಇನ್ನು ಮೇಲೆ ಈ ಮನೆ ಚಿನ್ನಕ್ಕೆ ನೀರು ಮುಟ್ಟಿಸೋಳು ಇವಳೇ" ಎಂದರು. ಬೀದಿಯವರು ಅಂದಿನಿಂದ ಆಕೆಯನ್ನು ಹೊಳಪಮ್ಮ ಎಂದು ಕರೆಯತೊಡಗಿದರು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿಯಿತು.

ಈ ಸಾಧನೆಯನ್ನು ಹೊಳಪಮ್ಮನವರು ಮಕ್ಕಳಿಗೆ ಹೇಳಿದರು, ಸೊಸೆಯರಿಗೆ ಹೇಳಿದರು, ಮೊಮ್ಮಗಳಿಗೆ ಊಟ ಮಾಡಿಸುವಾಗ ತುತ್ತಿಗೊಂದು ವಾಕ್ಯದಂತೆ ಹೇಳಿದರು. ಮೀಟರ್ ನೋಡಲು ಬಂದವನಿಗೂ ಒಮ್ಮೆ ಹೇಳಿದ್ದುಂಟು. ಮನೆಯವರು ಅವರ ಬೆನ್ನ ಹಿಂದೆ ಅದಕ್ಕೆ 'ಡಾಂಬರು ಪುರಾಣ' ಎಂದು ಹೆಸರಿಟ್ಟಿದ್ದರು. ಪುರಾಣ ಆರಂಭವಾಯಿತೆಂದರೆ ಒಬ್ಬೊಬ್ಬರಿಗೂ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಹೊಳಪಮ್ಮನವರಿಗೆ ಆ ಹೆಸರೂ ತಿಳಿದಿತ್ತು, ಈ ಓಟವೂ ತಿಳಿದಿತ್ತು. ತಿಳಿಯದವರಂತೆ ಇರುವುದು ತಮ್ಮ ವಯಸ್ಸಿಗೆ ಗೌರವವೆಂದು ಬಗೆದು ಅವರು ಹಾಗೆಯೇ ಇದ್ದುಬಿಟ್ಟಿದ್ದರು.

ಮರುದಿನ ಬೆಳಗ್ಗೆ ಮನೆಮಂದಿಯೆಲ್ಲ ಒಟ್ಟಾಗಿ ಫೋಟೋ ತೆಗೆಸಿಕೊಳ್ಳುವುದೆಂದು ನಿಶ್ಚಯವಾಗಿದ್ದ ಆ ಮಧ್ಯಾಹ್ನ ಹೊಳಪಮ್ಮನವರು ಊಟದ ಮೇಜನ್ನು ಕಿಟಕಿಯ ಬೆಳಕಿಗೆ ಎಳೆದು, ಅದರ ಮೇಲೆ ಅಂಚಿನ ಬಣ್ಣ ಚಕ್ಕೆಯೆದ್ದ ಬಿಳಿಯ ಬೋಗುಣಿಯನ್ನು ಇಟ್ಟರು. ಪಕ್ಕದಲ್ಲಿ ತುರಿದ ಸಾಬೂನು, ಸೋಡಾದ ಬಟ್ಟಲು, ಮಗುವಿನ ಹಲ್ಲುಜ್ಜುವ ಮೆತ್ತನೆಯ ಬ್ರಶ್ಶು, ತೊಳೆದು ತೊಳೆದು ನೂಲು ಮೆದುವಾದ ಹಳೆಯ ಹತ್ತಿ ಬಟ್ಟೆ. ಬಣ್ಣ ತೀರ ಮಂಕಾದ ಬಳೆಗಳಿಗೆಂದು ನಿಂಬೆಹಣ್ಣಿನ ರಸಕ್ಕೆ ಉಪ್ಪು ಕದಡಿ ಬೇರೊಂದು ಬಟ್ಟಲಿನಲ್ಲಿಟ್ಟಿದ್ದರು. ಕಲ್ಲೊಂದು ಸಡಿಲವಾಗಿ ಉದುರಿದರೆ ನೀರಿನ ಜೊತೆ ಹರಿದುಹೋಗದಿರಲೆಂದು ಸಿಂಕಿನ ತೂತಿನ ಮೇಲೆ ಚಹಾ ಸೋಸುವ ಜಾಲರಿಯನ್ನು ಕವುಚಿಟ್ಟಿದ್ದರು. ಮನೆಯ ಚಿನ್ನವನ್ನೆಲ್ಲ ಒಂದೇ ಬೋಗುಣಿಯಲ್ಲಿ, ಎಲ್ಲರ ಕಣ್ಣೆದುರಿಗೇ ತೊಳೆಯಬೇಕು, ಯಾರದನ್ನೂ ಬೇರೆಯಾಗಿ ತೊಳೆಯಕೂಡದು: ಇದು ಅತ್ತೆಯ ಕಾಲದಿಂದ ನಡೆದುಬಂದ ನಿಯಮ. ಒಬ್ಬಳದು ಹೆಚ್ಚು ಹೊಳೆಯಿತು, ಇನ್ನೊಬ್ಬಳದು ಸವೆಯಿತು ಎಂಬ ಗೊಣಗಾಟಕ್ಕೆ ಆಸ್ಪದವಿರಬಾರದೆಂದು ಆ ಹಿರಿಯಾಕೆ ಮಾಡಿದ್ದು.

ಮೇಜಿನ ಸುತ್ತ ಮನೆಯ ಹೆಂಗಸರೆಲ್ಲ ನೆರೆದಿದ್ದರು. ಹಿರಿಸೊಸೆ ಶಾಲೆಯ ಟೀಚರು. ಅವಳ ಮಗಳು ಕಾಲೇಜಿಗೆ ಹೋಗುವವಳು. ಫೋನಿನಿಂದ ಕಣ್ಣೆತ್ತುವುದು ಅಪರೂಪ. ಫೋಟೋಗೆಂದು ಮುನ್ನಾದಿನವೇ ಬಂದಿದ್ದ ಹೊಳಪಮ್ಮನವರ ಮಗಳು ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಬಟ್ಟೆಯ ನೂಲು ಎಲ್ಲಿ ಸರಿದಿದೆ ಎಂಬುದನ್ನು ಮಾರು ದೂರದಿಂದಲೇ ಕಾಣುವ ಕಣ್ಣು ಅವಳದು. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಮಾತ್ರ ಅವಳಿಗೆ ಇರಲಿಲ್ಲ. ಮೂಲೆಯ ಕುರ್ಚಿಯಲ್ಲಿ, ಗಡಿಯಾರ ರಿಪೇರಿಯಿಂದ ನಿವೃತ್ತರಾದ ಮನೆಯ ಯಜಮಾನರು ಪೇಪರು ಬಿಡಿಸಿಕೊಂಡು ಕೂತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಕಿರಿಸೊಸೆ ಮಾತ್ರ ಬಾಗಿಲ ಬಳಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿದ್ದಳು.

ಹೊಳಪಮ್ಮನವರು ಮುಂಗೈಯ ಹಿಂಬದಿಯಿಂದ ನೀರಿನ ಬಿಸಿ ನೋಡಿದರು. "ಮುತ್ತಿನ ಓಲೆ ಯಾರದು? ಈಚೆ ತೆಗೆಯಿರಿ. ಮುತ್ತನ್ನ ನೀರಲ್ಲಿ ನೆನೆಸಿದರೆ ಅದರ ಕಳೆ ಹೋಗುತ್ತೆ. ಬರೀ ಒದ್ದೆ ಬಟ್ಟೆ ಸಾಕು."

"ನನ್ನ ಉಂಗುರ ಸ್ವಲ್ಪ ಜಾಸ್ತಿ ಉಜ್ಜಿ ಅತ್ತೆ," ಎಂದಳು ಟೀಚರು.

"ಉಜ್ಜಿದ್ದು ಸಾಲದಾ? ಹೋದ ಸಲ ಟೂತ್‌ಪೇಸ್ಟ್ ಹಾಕಿ ತಿಕ್ಕಿ ಮೈಯೆಲ್ಲ ಗೀರು ಮಾಡ್ಕೊಂಡಿದ್ದೀಯ. ಮಕ್ಕಳಿಗೆ ಪಾಠ ಹೇಳೋಳು, ಹಲ್ಲಿಗೂ ಬೆರಳಿಗೂ ವ್ಯತ್ಯಾಸ ಬೇಡವಾ?"

"ಫೋನಲ್ಲಿ ಹಾಗೇ ತೋರಿಸಿದ್ರು ಅತ್ತೆ."

"ಹಾಗಾದರೆ ಫೋನಿಗೇ ಉಂಗುರ ಹಾಕು."

ಮಗಳು ಬಾಯಿ ತುಂಬ ನಕ್ಕಳು. ಬೋಗುಣಿಗೆ ಬಳೆ, ಓಲೆ, ಉಂಗುರಗಳು ಒಂದೊಂದಾಗಿ ಇಳಿದವು; ಸಾಬೂನಿನ ನೊರೆಯಡಿಯಲ್ಲಿ ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡಿದವು. ಮಗಳು ಎಲ್ಲವನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದವಳು ಬಾಗಿಲ ಕಡೆ ತಿರುಗಿದಳು.

"ಎಲ್ಲರದೂ ಬಂತು. ಇವಳ ಸರ ಎಲ್ಲಿ?"

"ನಂದು ನಾನೇ ತೊಳ್ಕೊಂಡೆ ಅತ್ತಿಗೆ," ಎಂದಳು ಕಿರಿಸೊಸೆ. "ಚೆನ್ನಾಗೇ ಇದೆ."

"ಯಾವಾಗ ತೊಳೆದೆ? ಎಷ್ಟು ಚೆನ್ನಾಗಿದೆ ಅಂತ ಇಲ್ಲಿಂದಲೇ ಕಾಣ್ತಾ ಇದೆ, ಸಂಜೆ ದೀಪದ ಹಾಗೆ ಮಂಕಾಗಿದೆ. ಬಿಚ್ಚಿಕೊಡು. ನಿಮ್ಮಪ್ಪ ದಿನಾ ಸಂಜೆ ನನ್ನ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು, ಮಗಳಿಗೆ ಎಂಥ ಸರ ಮಾಡಿಸಿದೆ ಗೊತ್ತಾ ಅಂತ ಶುರು ಮಾಡಿದ್ರೆ ನಾನು ಶಟರ್ ಎಳೆಯೋ ತನಕ ಬಿಡೋದಿಲ್ಲ. ನಾಳೆ ಫೋಟೋ ಅವರಿಗೆ ತೋರಿಸಬೇಕು. ಸರ ಮಂಕಾಗಿ ಬಿದ್ದರೆ ನಮ್ಮ ಮನೆಗೆ ತಾನೇ ಕೆಟ್ಟ ಹೆಸರು?"

ಕಿರಿಸೊಸೆ ಕೊರಳ ಹಿಂದಕ್ಕೆ ಕೈ ಒಯ್ದಳು. ಕೊಂಡಿ ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಚಾಚಿದ್ದ ಅತ್ತಿಗೆಯ ಕೈಯನ್ನು ಕಾಣದವಳಂತೆ ದಾಟಿ ಬಂದು, ಸರವನ್ನು ಹೊಳಪಮ್ಮನವರ ಅಂಗೈಯಲ್ಲಿ ಇಟ್ಟಳು.

ಅಂಗೈಗೆ ಬಿದ್ದ ಕೂಡಲೇ ಹೊಳಪಮ್ಮನವರಿಗೆ ತಿಳಿದುಹೋಯಿತು. ಉದ್ದಕ್ಕೆ ತಕ್ಕ ಭಾರ ಅದರಲ್ಲಿರಲಿಲ್ಲ. ಒದ್ದೆ ಬೆರಳಿನಿಂದ ಅವರು ಅದನ್ನು ಒಮ್ಮೆ ಸವರಿ, ಮೂಗಿನ ಕೆಳಗಿನ ಬೆವರು ಒರೆಸಿಕೊಳ್ಳುವವರಂತೆ ಕೈಯನ್ನು ಮುಖದ ಹತ್ತಿರ ತಂದರು. ಚಿನ್ನಕ್ಕೆ ವಾಸನೆಯಿಲ್ಲ; ಇದಕ್ಕೆ ಇತ್ತು, ಒದ್ದೆ ತಾಮ್ರದ ಪಾತ್ರೆಯ ವಾಸನೆ. ಕೊಂಡಿಯ ಹತ್ತಿರ, ಕೊರಳು ಉಜ್ಜುವ ಕಡೆ, ಹಳದಿ ಸವೆದು ಕೆಳಗಿನಿಂದ ಇಟ್ಟಿಗೆಯ ಬಣ್ಣ ಇಣುಕುತ್ತಿತ್ತು. ಸೋಡಾ ಹಾಕಿ ಬ್ರಶ್ಶಿನಿಂದ ತಿಕ್ಕಿದರೆ ಆ ಬಣ್ಣ ಬೆರಳುದ್ದ ಎದ್ದುಬರುತ್ತದೆ. ನಿಂಬೆರಸದಲ್ಲಿ ಅದ್ದಿದರೆ ಇಡೀ ಮನೆಗೇ ಕಾಣುತ್ತದೆ.

ಅವರು ತಲೆಯೆತ್ತಲಿಲ್ಲ. ಮದುವೆಯ ದಿನ ಇದೇ ಮಾದರಿಯ ಸರ ಅವರ ಕೈ ಹಾದುಹೋಗಿತ್ತು, ಅಂದು ಅದು ಚೊಕ್ಕ ಚಿನ್ನವಾಗಿತ್ತು. ಹುಡುಗಿಯ ತಂದೆ ಜೀವಮಾನವಿಡೀ ಲಾರಿ ಓಡಿಸಿದ ಮನುಷ್ಯ. ಮೋಸದ ಮಾತು ಬಾಯಲ್ಲಿಟ್ಟುಕೊಂಡು ದಿನಾ ಬೆಂಚಿನ ಮೇಲೆ ಕೂತು ಜಂಬ ಕೊಚ್ಚುವಂಥವನಲ್ಲ. ಅಂದರೆ ಆತನಿಗೆ ಈ ಸಂಗತಿ ತಿಳಿಯದು. ಈಗ ಈ ಮೇಜಿನ ಮುಂದೆ ಗುಟ್ಟು ರಟ್ಟಾದರೆ, ತಮ್ಮ ಮಗಳು ಮನೆಗೆ ಮರಳಿದ ಸಂಜೆಯೇ ಆ ಬೆಂಚಿಗೆ ಸುದ್ದಿ ತಲುಪುತ್ತದೆ. ಕೇಡು ಬಗೆದು ಹೇಳುವವಳಲ್ಲ ಮಗಳು. ಹೇಳದೆ ಇರಲಾರದವಳು, ಅಷ್ಟೇ.

ಹೊಳಪಮ್ಮನವರು ಕ್ಷಣ ಹೊತ್ತು ಕಣ್ಣೆತ್ತಿ ಕಿರಿಸೊಸೆಯನ್ನು ನೋಡಿದರು. ಅವಳು ಅವರ ಮುಖವನ್ನಲ್ಲ, ಕೊಂಡಿಯ ಮೇಲಿದ್ದ ಅವರ ಹೆಬ್ಬೆರಳನ್ನು ನೋಡುತ್ತಿದ್ದಳು.

ಎಲ್ಲರೂ ಹೊರಗೆ ಹೋಗಿ ಎನ್ನುವಂತಿರಲಿಲ್ಲ. ಹಾಗೆಂದರೆ ಮಗಳ ಕಿವಿ ನೆಟ್ಟಗಾಗುತ್ತದೆ. ಇದೊಂದನ್ನು ಆಮೇಲೆ ತೊಳೆಯುತ್ತೇನೆ ಎನ್ನುವಂತೆಯೂ ಇರಲಿಲ್ಲ. ಒಂದೇ ಬೋಗುಣಿಯ ನಿಯಮವನ್ನು ಇಷ್ಟು ವರ್ಷ ಬಾಯಿ ಬಿಟ್ಟು ಸಾರಿದವರು ತಾವೇ. ಹೊಳಪಮ್ಮನವರು ಸರವನ್ನು ಮುಷ್ಟಿಯಲ್ಲಿ ಹಿಡಿದು, ಆ ಮುಷ್ಟಿಯನ್ನು ಮಡಿಲಿನ ಟವೆಲಿನ ಮಡಿಕೆಯೊಳಗೆ ಇಟ್ಟುಕೊಂಡು, ಕುರ್ಚಿಗೆ ಒರಗಿದರು. ಒಂದು ದೊಡ್ಡ ಉಸಿರು ಎಳೆದುಕೊಂಡರು.

"ಸರ ಅಂದಾಗ ನೆನಪಾಯ್ತು ನೋಡಿ," ಎಂದರು. "ನಮ್ಮತ್ತೆ ಹೆಣಿಗೆ ಸರ ಡಾಂಬರಿಗೆ ಬಿದ್ದಾಗ..."

ಮೂಲೆಯಲ್ಲಿ ಪೇಪರು ಮಡಚಿದ ಸದ್ದಾಯಿತು. "ನನ್ನ ವಾಚಿಗೆ ಕೀ ಕೊಟ್ಟಿಲ್ಲ," ಎನ್ನುತ್ತ ಯಜಮಾನರು ಎದ್ದರು. ಆ ವಾಚು ಬ್ಯಾಟರಿಯದೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಬೀದಿಗೆ ಡಾಂಬರು ಹಾಕ್ತಾ ಇದ್ರು. ಆಗಿನ ಡಾಂಬರು ಈಗಿನ ಹಾಗಲ್ಲ..."

"ಅಜ್ಜೀ, ಇಲ್ಲಿ ನೆಟ್‌ವರ್ಕೇ ಸಿಗ್ತಿಲ್ಲ," ಎಂದು ಮೊಮ್ಮಗಳು ಫೋನನ್ನು ಮೇಲಕ್ಕೆ ಹಿಡಿದುಕೊಂಡು, ಅದೇ ಅವಳನ್ನು ಎಳೆದುಕೊಂಡು ಹೋಗುತ್ತಿದೆಯೋ ಎಂಬಂತೆ, ಮಹಡಿಯ ಮೆಟ್ಟಿಲು ಹತ್ತಿದಳು.

"ಅಕ್ಕಸಾಲಿ ಬಂದ. ಬಂದೋನು ಮೊದಲು ನೀರು ಕೇಳಿದ. ನೀರು ಕೊಟ್ಟೋಳು ನಾನೇ. ಯಾವ ಲೋಟದಲ್ಲಿ ಕೊಟ್ಟೆ ಅಂದ್ರೆ..."

ಟೀಚರು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ ಅತ್ತೆ, ಉತ್ತರಪತ್ರಿಕೆ ತಿದ್ದೋದು ಹಾಗೇ ಉಳಿದಿದೆ. ನಾಳೆಯೇ ಕೊಡಬೇಕು. ನೀವು ಹೇಳ್ತಾ ಇರಿ, ಒಳಗಿಂದ ಕೇಳಿಸ್ಕೋತೀನಿ."

ಮೂವರು ಕಾಲಿಗೆ ಬುದ್ಧಿ ಹೇಳಿದರು. ತಮ್ಮ ಬಾಳಿನ ಹೆಮ್ಮೆ ಮನೆಯನ್ನು ಇಷ್ಟು ಬೇಗ ಗುಡಿಸಿಹಾಕುವುದನ್ನು ಕಂಡು ಹೊಳಪಮ್ಮನವರಿಗೆ ಒಳಗೊಳಗೇ ಚುರುಕ್ಕೆಂದಿತು. ಆದರೆ ಕೆಲಸ ಆಗುತ್ತಿತ್ತು. ಮಗಳು ಮಾತ್ರ ಅಲುಗಾಡಲಿಲ್ಲ. ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿ, ತಾಯಿಯ ಮಡಿಲಿನ ಟವೆಲನ್ನೇ ನೋಡುತ್ತಿದ್ದಳು.

"ಅಮ್ಮ, ಸುಸ್ತು ಮಾಡ್ಕೋಬೇಡ, ಉಳಿದದ್ದು ನಾನೇ ಹೇಳ್ತೀನಿ," ಎಂದಳು. ಬಳಿಕ ಒಂದೇ ಉಸಿರಿನಲ್ಲಿ, "ಅಕ್ಕಸಾಲಿ ಕೈ ಚೆಲ್ಲಿದ, ನೀನು ಬಾಗಿಲ ಹಿಂದಿಂದ ಬೇಡ ಅಂದೆ, ಎಣ್ಣೆಯಲ್ಲಿ ನೆನೆ ಹಾಕಿದೆ, ಪೊರಕೆಕಡ್ಡೀಲಿ ಕೆರೆದೆ, ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ರು, ಅಜ್ಜಿ ಕನ್ನಡಿ ನೋಡಿದ್ಲು, ಮುಗೀತು. ಈಗ ಆ ಸರ ನೀರಿಗೆ ಹಾಕು."

ಕಿರಿಸೊಸೆ ಗೋಡೆಗೆ ಒರಗಿಕೊಂಡಳು.

"ಕೆರೆದೆ ಅಂದ್ಯಾ?" ಹೊಳಪಮ್ಮನವರ ದನಿ ಏರಿತು, ಆ ಏರಿಕೆ ಪೂರ್ತಿ ನಟನೆಯಾಗಿರಲಿಲ್ಲ. "ಚಿನ್ನಾನ ಯಾರಾದರೂ ಕೆರೀತಾರಾ? ಇಷ್ಟು ವರ್ಷ ಕೇಳಿ ನಿನಗೆ ತಲೆಗೆ ಹೋಗಿದ್ದು ಇಷ್ಟೇನಾ? ತಪ್ಪು ನಂದೇ, ಬಿಡಿಸಿ ಹೇಳಲಿಲ್ಲ. ಇರು, ಬುಡದಿಂದ ಶುರು ಮಾಡ್ತೀನಿ. ಆ ಡಾಂಬರು ಕಂಟ್ರಾಕ್ಟು ಹಿಡಿದಿದ್ದೋನು ಯಾರು ಗೊತ್ತಾ? ಅವನಪ್ಪ ಮೊದಲು ಸುಣ್ಣದ ವ್ಯಾಪಾರ ಮಾಡ್ತಿದ್ದ. ಆ ಸುಣ್ಣದ ಗೂಡು ಎಲ್ಲಿತ್ತು ಅಂದ್ರೆ..."

"ಅವನಪ್ಪನೂ ಬಂದ್ನಾ," ಎಂದಳು ಮಗಳು.

"ಅವನಪ್ಪಂಗೆ ಇಬ್ಬರು ಅಣ್ಣತಮ್ಮಂದಿರು. ದೊಡ್ಡೋನಿಗೆ ಕಣ್ಣು ಸ್ವಲ್ಪ ಮಂದ..."

ಮಗಳು ಕುರ್ಚಿ ಹಿಂದಕ್ಕೆ ತಳ್ಳಿದಳು. "ನಾಳೆಗೆ ನಮ್ಮನೆಯವರ ಅಂಗಿಗೆ ಗುಂಡಿ ಹೊಲೀಬೇಕು. ಆ ಕಂಟ್ರಾಕ್ಟರನ ವಂಶಾವಳಿ ಮುಗಿದು ಸರ ಡ್ರಮ್ಮಿಗೆ ಬೀಳೋ ಹೊತ್ತಿಗೆ ಕೂಗು, ಬರ್ತೀನಿ." ಬಾಗಿಲು ದಾಟುವಾಗ ಕಿರಿಸೊಸೆಯ ಭುಜ ತಟ್ಟಿದಳು. "ನೀನೊಬ್ಬಳೇ ಸಿಕ್ಕಿಬಿದ್ದೆ ಕಣಮ್ಮ. ಪಾಪ."

ಒಳಕೋಣೆಯಲ್ಲಿ ಕತ್ತರಿಯ ಸದ್ದು ಕೇಳಿಬರುವವರೆಗೂ ಹೊಳಪಮ್ಮನವರು ಸುಣ್ಣದ ಗೂಡಿನ ಕಥೆಯನ್ನು ನಿಲ್ಲಿಸಲಿಲ್ಲ. ಆಮೇಲೆ ಟವೆಲಿನ ಮಡಿಕೆ ಬಿಡಿಸಿದರು.

"ಕೂತ್ಕೋ," ಎಂದರು ಮೆಲ್ಲಗೆ. "ಚಿನ್ನದ್ದು ಏನಾಯ್ತು?"

ಕಿರಿಸೊಸೆ ಕುರ್ಚಿಯ ತುದಿಯಲ್ಲಿ ಕೂತಳು. "ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮಾರಿದೆ ಅತ್ತೆ. ಇದು ಗಿಲೀಟು. ಅದರ ಹಾಗೇ ಕಾಣೋದು ಹುಡುಕಿ ತಂದೆ."

"ನಿಮ್ಮಮ್ಮನಿಗೆ ಗೊತ್ತಾ?"

"ಅಮ್ಮನಿಗೆ ಗೊತ್ತು. ಅಪ್ಪನಿಗೆ ಮಾತ್ರ, ಲಾರಿ ಮಾಲೀಕರೇ ಆಸ್ಪತ್ರೆ ಖರ್ಚೆಲ್ಲ ನೋಡ್ಕೊಂಡ್ರು ಅಂತ ಹೇಳಿದ್ವಿ. ಆ ಮಾಲೀಕರನ್ನ ನೆನೆಸ್ಕೊಂಡು ದಿನಾ ಕೈ ಮುಗೀತಾರೆ." ಅವಳು ನಗಲು ಹೋಗಿ ಬಿಟ್ಟಳು. "ನಿಜ ಗೊತ್ತಾದ್ರೆ ಔಷಧಿ ತಗೊಳ್ಳೋದೇ ನಿಲ್ಲಿಸ್ತಾರೆ ಅತ್ತೆ. ಅವರ ಹಟ ನೀವು ನೋಡಿಲ್ಲ. ಮಗಳ ಕೊರಳು ಬರಿದು ಮಾಡಿ ಬದುಕ್ಬೇಕಾ ಅಂತಾರೆ."

ಹೊಳಪಮ್ಮನವರು ಸರವನ್ನು ಬೆರಳಿನ ಮೇಲೆ ಹರಡಿಕೊಂಡರು. ಬಳಿಕ ಕೇಳಬಾರದೆಂದುಕೊಂಡಿದ್ದನ್ನು ಕೇಳಿಯೇಬಿಟ್ಟರು. "ನನ್ನ ಮಗನಿಗೆ?"

"ಗೊತ್ತು. ಮಾರೋಕೆ ಜೊತೆಗೆ ಬಂದಿದ್ದೇ ಅವರು."

"ನನ್ನ ಹತ್ರ ಮುಚ್ಚಿಟ್ಟನಾ? ನನ್ನ ಬಾಯಿ ಮೇಲೆ ಅಷ್ಟೂ ನಂಬಿಕೆ ಇಲ್ಲವಾ ಅವನಿಗೆ?"

"ಬಾಯಿಗಲ್ಲ ಅತ್ತೆ, ನಿಮ್ಮ ಕೈಗೆ ಹೆದರಿದ್ದು. ಏನಾದರೂ ಮಾಡು, ಅಮ್ಮನ ಕೈಗೆ ಮಾತ್ರ ಕೊಡಬೇಡ, ಆ ಕೈಗೆ ಕಣ್ಣಿದೆ ಅಂದ್ರು."

ಬೇಡಬೇಡವೆಂದರೂ ಹೊಳಪಮ್ಮನವರ ಮುಖದ ಗಂಟು ಸಡಿಲವಾಯಿತು. ಅವರು ಸರವನ್ನು ಮಡಿಲಿಗಿಟ್ಟು, ಬೋಗುಣಿಯಲ್ಲಿ ನೆನೆದಿದ್ದ ಒಡವೆಗಳನ್ನು ತಿಕ್ಕಿ ತೊಳೆದು ಒಣ ಬಟ್ಟೆಯೊಂದರ ಮೇಲೆ ಸಾಲಾಗಿ ಇಟ್ಟು, ಬೋಗುಣಿಯನ್ನು ಆಚೆ ಸರಿಸಿದರು. ಕುಡಿಯುವ ನೀರಿನ ಲೋಟದಲ್ಲಿ ಹತ್ತಿ ಬಟ್ಟೆಯ ತುದಿಯನ್ನು ಅದ್ದಿ ಹಿಂಡಿ, ಮಗುವಿನ ಮುಖ ಒರೆಸುವಂತೆ ಸರವನ್ನು ಮೆಲ್ಲಗೆ ಒರೆಸತೊಡಗಿದರು.

"ನೋಡಿಕೋ. ಇದಕ್ಕೆ ಸೋಡಾ ಮುಟ್ಟಿಸಬಾರದು. ನಿಂಬೆಹುಳಿ, ಉಪ್ಪು ಹತ್ತಿರಕ್ಕೂ ಬರಬಾರದು. ಬ್ರಶ್ಶು ಬೇಡವೇ ಬೇಡ. ಇದರ ಮೈಮೇಲಿರೋದು ಬರೀ ಬೆವರು, ಎಣ್ಣೆ, ನೀರುಬಟ್ಟೆಗೇ ಬಿಡುತ್ತೆ. ಆಮೇಲೆ ಒಣ ಬಟ್ಟೇಲಿ ಒತ್ತು, ಉಜ್ಜಬೇಡ. ಸ್ನಾನಕ್ಕೆ ಹೋಗೋವಾಗ ತೆಗೆದಿಡು. ಸೆಂಟು ಗಿಂಟು ಹಾಕ್ಕೊಂಡ್ರೆ ಅದು ಆರಿದ ಮೇಲೆ ಸರ ಹಾಕ್ಕೋ. ಹೀಗೆ ನೋಡ್ಕೊಂಡ್ರೆ ಗಿಲೀಟು..." ಅವರು ತಡೆದರು. "ಈ ಪದ ಇನ್ನು ಈ ಮನೆಯಲ್ಲಿ ನಿನ್ನ ಬಾಯಿಂದಲೂ ಬೇಡ, ನನ್ನ ಬಾಯಿಂದಲೂ ಬೇಡ."

"ಅತ್ತಿಗೆ ಕೈಗೆ ತಗೊಂಡು ನೋಡ್ತಾರೆ ಅತ್ತೆ. ಹಗುರ ಇದೆ ಅಂತ ಗೊತ್ತಾಗುತ್ತೆ."

"ಗೊತ್ತಾಗಲಿ. ಸೂಜಿ ಪೆಟ್ಟಿಗೆ ತಾ."

ಸೂಜಿ ಪೆಟ್ಟಿಗೆಯಿಂದ ಹಳದಿ ರೇಷ್ಮೆ ದಾರವನ್ನು ಆರಿಸಿ, ಬಣ್ಣ ಸವೆದಿದ್ದ ಕೊಂಡಿಯ ಬುಡಕ್ಕೆ ಒತ್ತೊತ್ತಾಗಿ ಸುತ್ತಿದರು. ಇಟ್ಟಿಗೆಯ ಬಣ್ಣ ದಾರದಡಿಯಲ್ಲಿ ಮರೆಯಾಯಿತು. ಗಂಟು ಹಾಕುವಾಗ ಮಾತ್ರ ಅವರ ವಯಸ್ಸಾದ ಬೆರಳುಗಳು ತಡವರಿಸಿದವು. ಗಂಟು ಸಡಿಲವಾಗಿಯೇ ಉಳಿಯಿತು. ಮತ್ತೊಮ್ಮೆ ಹಾಕೋಣವೆಂದು ಕೈಯೆತ್ತುವಷ್ಟರಲ್ಲಿ ಒಳಗಿನಿಂದ ಹೆಜ್ಜೆಯ ಸದ್ದು ಬಂತು.

"ಸರ ಡ್ರಮ್ಮಿಗೆ ಬಿತ್ತಾ?" ಎನ್ನುತ್ತ ಮಗಳು ಬಂದು ಕೂತಳು. ಬಟ್ಟೆಯ ಮೇಲೆ ಸಾಲಾಗಿ ಒಣಗುತ್ತಿದ್ದ ಒಡವೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ತನ್ನ ಬಳೆಗಳು, ಅತ್ತಿಗೆಯ ಉಂಗುರ, ತಾಯಿಯ ಓಲೆ. ಕೊನೆಗೆ ಕಿರಿಸೊಸೆಯ ಸರ ಅವಳ ಕೈಗೆ ಬಂತು. ಅದನ್ನು ಅಂಗೈಯಲ್ಲಿ ಎರಡು ಸಲ ಮೇಲೆ ಕೆಳಗೆ ಆಡಿಸಿದಳು.

"ಇದೇನಮ್ಮ, ಗಾಳಿ ಹಿಡ್ಕೊಂಡ ಹಾಗಿದೆ?"

ಕಿರಿಸೊಸೆ ಸಿಂಕಿನ ಕಡೆ ತಿರುಗಿ, ಜಾಲರಿ ತೆಗೆದು ನಲ್ಲಿಯ ನೀರಿಗೆ ಹಿಡಿದು, ಅದರಲ್ಲಿ ಇಲ್ಲದ ಕಲ್ಲನ್ನು ಹುಡುಕತೊಡಗಿದಳು.

ಚಿನ್ನದ ಮಾತಿನಲ್ಲಿ ಹೊಳಪಮ್ಮನವರು ಇದುವರೆಗೆ ಯಾರಿಗೂ ಸುಳ್ಳು ಹೇಳಿದವರಲ್ಲ. ನೆಂಟರಿಷ್ಟರು ಅಂಗಡಿಯ ಮಾತಿಗಿಂತ ಅವರ ಮಾತನ್ನು ನಂಬುತ್ತಿದ್ದರು. ಆ ನಂಬಿಕೆಯನ್ನು ಮುರಿಯದೆ ಈಗ ಉತ್ತರ ಕೊಡಬೇಕಾಗಿತ್ತು. ಅವರು ಬಟ್ಟೆ ಮಡಿಸುತ್ತ, ತಕ್ಕ ಪದಕ್ಕಾಗಿ ಒಂದು ಗಳಿಗೆ ತಡಕಿದರು. ಅದು ಕೈಗೆ ಸಿಕ್ಕಿತು.

"ಅದು ಪೊಳ್ಳು," ಎಂದರು.

"ಪೊಳ್ಳಾ?"

"ಪೊಳ್ಳೇ. ಒಳಗೆ ಟೊಳ್ಳು ಬಿಟ್ಟು ಸರ ಮಾಡಿರೋದು ನೀನು ನೋಡಿಲ್ಲವಾ? ಅಂಥಾದ್ದನ್ನ ಬೋಗುಣಿಗೆ ಹಾಕಬಾರದು. ಸಂದಿಯಲ್ಲಿ ನೀರು ಇಳಿದರೆ ಒಳಗೇ ಕೂತು ಕೆಡಿಸುತ್ತೆ. ಅದಕ್ಕೇ ಒರೆಸಿಟ್ಟೆ. ಇನ್ನು ಮೇಲೆ ಅದನ್ನ ಬೋಗುಣಿಗೆ ಹಾಕೋ ಹಾಗಿಲ್ಲ, ನಾನೊಬ್ಬಳೇ ನೋಡ್ಕೋತೀನಿ."

ಟೊಳ್ಳು ಸರದ ಮಾತು ಅವರು ಬೇರೆ ಸರಗಳ ಬಗ್ಗೆ ಹೇಳಿದ್ದು. ಈ ಸರದ ಬಗ್ಗೆ ಹೇಳಿದ್ದು ಪೊಳ್ಳು ಎಂಬ ಒಂದೇ ಪದ. ಹುಸಿ ಎಂಬ ಅದರ ಇನ್ನೊಂದು ಅರ್ಥವನ್ನು ಹಿಡಿದುಕೊಂಡು ಹೊಳಪಮ್ಮನವರು ತಮ್ಮ ನಾಲಿಗೆಯನ್ನು ಉಳಿಸಿಕೊಂಡರು.

ಮಗಳ ಹೆಬ್ಬೆರಳು ಕೊಂಡಿಯತ್ತ ಜಾರಿತು. "ಈ ದಾರ ಯಾಕೆ?"

"ಕೊಂಡಿ ಕೊರಳಿಗೆ ಉಜ್ಜುತ್ತಲ್ಲ, ಅದಕ್ಕೆ."

ಮಗಳು ದಾರವನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಅವಳ ಹುಬ್ಬು ಗಂಟಿಕ್ಕಿತು. ಉಗುರಿನ ತುದಿಯಿಂದ ಗಂಟನ್ನು ಕೆಣಕಿದಳು, ಅದು ಅಲುಗಾಡಿತು. ಸಿಂಕಿನ ಹತ್ತಿರ ನಲ್ಲಿಯ ನೀರು ನಿಂತಿತು. ಹೊಳಪಮ್ಮನವರು ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಿಸಿದರು.

"ಯಾರಮ್ಮ ಹಾಕಿದ್ದು ಈ ಗಂಟು?" ಎಂದಳು ಮಗಳು. "ಇದು ನಾಳೆ ಫೋಟೋ ತನಕಾನೂ ನಿಲ್ಲಲ್ಲ. ಮೂಟೆ ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ. ಅಂಗಡಿ ಇಟ್ಕೊಂಡಿರೋ ನಾನು ಮನೇಲಿ ಇರೋವಾಗ."

ಸೂಜಿ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮಗಳು ಹೊಸ ದಾರ ಪೋಣಿಸಿದಳು. ಸುತ್ತಿದ್ದ ದಾರವನ್ನು ಬಿಚ್ಚುವಷ್ಟು ತಾಳ್ಮೆ ಅವಳಿಗಿರಲಿಲ್ಲ; ಅದರ ಮೇಲೆಯೇ ಬಿಗಿಯಾಗಿ ಮತ್ತೊಂದು ಸುತ್ತು ಸುತ್ತಿ, ಗುಂಡಿಯ ಮನೆ ಕಟ್ಟುವ ಹೊಲಿಗೆಯನ್ನು ಅಂಚಿಗೆ ಹಾಕಿ, ಹಲ್ಲಿನಿಂದ ದಾರ ಕಡಿದಳು. ಬೆರಳಿನಿಂದ ಎಳೆದು ನೋಡಿದಳು. ಕೂದಲೆಳೆಯಷ್ಟೂ ಸರಿಯಲಿಲ್ಲ.

"ತಗೋ," ಎಂದು ಕಿರಿಸೊಸೆಯನ್ನು ಕರೆದು ತಾನೇ ಅವಳ ಕೊರಳಿಗೆ ಹಾಕಿದಳು. "ಇದು ಹರಿದರೆ ನನ್ನನ್ನ ಕೇಳು. ಪೊಳ್ಳಾದ್ರೂ ಕಳೆ ಇದೆ ಬಿಡು. ನಿಮ್ಮಪ್ಪನಿಗೆ ಹೇಳ್ತೀನಿ, ದಾರ ಸುತ್ತಿದ್ದು ನಾನು ಅಂತ."

"ಹೇಳಿ ಅತ್ತಿಗೆ," ಎಂದಳು ಕಿರಿಸೊಸೆ.

ಮಗಳು ತನ್ನ ಬಳೆಗಳನ್ನು ತೊಟ್ಟು, ಕೈಯನ್ನು ಒಮ್ಮೆ ಬೆಳಕಿಗೆ ತಿರುಗಿಸಿ ನೋಡಿಕೊಂಡು, ಅರ್ಧ ಉಳಿದಿದ್ದ ಗುಂಡಿಗಳ ಕಡೆಗೆ ಹೋದಳು. ಹೊಳಪಮ್ಮನವರು ಅವಳ ಬೆನ್ನನ್ನು ಬಾಗಿಲ ತನಕ ನೋಡಿ, ಆಮೇಲೆ ಕುರ್ಚಿಯ ಹಿಂಬದಿಗೆ ತಲೆಯಾನಿಸಿದರು. ಬೆರಳುಗಳ ತುದಿ ನೀರಿನಲ್ಲಿ ನೆನೆದು ಸುಕ್ಕುಗಟ್ಟಿತ್ತು.

ಕಿರಿಸೊಸೆ ಬೋಗುಣಿಯ ನೀರನ್ನು ಜಾಲರಿಯ ಮೇಲೆ ಸುರಿದಳು. ಬ್ರಶ್ಶು ತೊಳೆದಿಟ್ಟಳು. ನಿಂಬೆರಸದ ಬಟ್ಟಲನ್ನು ಎತ್ತುವಾಗ ಕೊರಳಿನ ಸರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಅದನ್ನು ಕಂಡು ಹೊಳಪಮ್ಮನವರು, "ಅಷ್ಟೆಲ್ಲ ಬೇಡ, ಹಾರಿ ಬಂದು ಕಚ್ಚಲ್ಲ ಅದು," ಎಂದರು. ಅವಳು ಕೈ ತೆಗೆದಳು. ಮೇಜು ಒರೆಸಿ ಮುಗಿದ ಮೇಲೂ ಹೊರಗೆ ಹೋಗದೆ, ಸ್ವಲ್ಪ ಹೊತ್ತಿನ ಹಿಂದೆ ಮಗಳು ಕೂತಿದ್ದ ಕುರ್ಚಿಯಲ್ಲೇ ಕೂತಳು.

"ಅತ್ತೆ."

"ಏನು?"

"ಆ ಡಾಂಬರಿನ ಸರದ ಕಥೆ. ಮತ್ತೊಂದು ಸಲ ಹೇಳಿ."

ಹೊಳಪಮ್ಮನವರು ಒಂದು ಕಣ್ಣು ತೆರೆದರು. ಒಳಕೋಣೆಯತ್ತ ನೋಡಿದರು, ಮೆಟ್ಟಿಲಿನತ್ತ ನೋಡಿದರು. ಎಲ್ಲೂ ಯಾರೂ ಇರಲಿಲ್ಲ. "ಈಗ ಯಾರನ್ನ ಓಡಿಸಬೇಕಾಗಿದೆ?" ಎಂದರು.

"ಯಾರನ್ನೂ ಇಲ್ಲ ಅತ್ತೆ," ಎಂದಳು ಕಿರಿಸೊಸೆ, ಕಾಲು ಮಡಿಚಿ ಕುರ್ಚಿಯ ಮೇಲಿಟ್ಟುಕೊಳ್ಳುತ್ತ. "ಅಕ್ಕಸಾಲಿಗೆ ನೀರು ಕೊಟ್ರಲ್ಲ, ಯಾವ ಲೋಟದಲ್ಲಿ ಅಂತ ಹೇಳೋ ಹೊತ್ತಿಗೆ ಎಲ್ಲರೂ ಎದ್ದುಹೋದ್ರು. ಮೊದಲಿಂದ ಹೇಳಿ."